ಒಂದು ಉದ್ದ, ಒಂದು ಗಿಡ್ಡ

ಫೆಬ್ರವರಿ 9, ರವಿವಾರ

ಊಟಕ್ಕೆ ಕುಳಿತಾಗ ಇವರು ಮತ್ತೆ ತಾಟಿನ ಅಂಚಿಗೆ ಬೆರಳಿನಿಂದ ಬಡಿಯತೊಡಗಿದರು.

"ತಾಟ ಬಡೀಬ್ಯಾಡ್ರಿ, ಊಟ ಮಾಡ್ರಿ" ಎಂದೆ. ಮದುವೆಯಾದಾಗಿನಿಂದ ಇದನ್ನೇ ಹೇಳುತ್ತಿದ್ದೇನೆ. ನನ್ನ ತವರಿನಲ್ಲಿ ತಾಟು, ಡಬ್ಬಿ, ಬಾಗಿಲು, ಯಾವುದನ್ನೂ ಬಡಿಯುವಂತಿರಲಿಲ್ಲ. ಬಡಿದರೆ ಅವ್ವ ಕೈ ಮೇಲೆ ಒಂದು ಕೊಡುತ್ತಿದ್ದಳು. "ಹಲಗಿ ಬಾರಿಸೋದು ಬಿಟ್ಟು ಪಾಟಿ ಹಿಡದ ಮನಿತನ ನಮ್ದು. ಮತ್ತ ಬಡಿಯೋದು ಕಲೀತಿಯೇನ?" ಆ ಏಟು ಕೈಯಲ್ಲೇ ಉಳಿದುಬಿಟ್ಟಿದೆಯೋ ಏನೋ, ಬಡಿಯುವ ಸದ್ದು ಕೇಳಿದರೆ ಇಂದಿಗೂ ನನಗೆ ಮೈ ಉರಿಯುತ್ತದೆ. ಇವರು ನಕ್ಕು ಕೈ ಹಿಂದೆ ತೆಗೆದುಕೊಂಡರು. ಸುಮ್ಮನಿದ್ದರೂ ಆ ಕೈ ಈಗ ನಡುಗುತ್ತಲೇ ಇರುತ್ತದೆ.

ಊಟವಾಗಿ ಎದ್ದವರು ಅಡುಗೆಮನೆಯ ಹೊಸ್ತಿಲಲ್ಲಿ ನಿಂತುಬಿಟ್ಟರು. ಪಾರ್ಕಿನ್ಸನ್ ಎಂದು ಡಾಕ್ಟರು ಹೇಳಿ ಎರಡು ವರ್ಷವಾಯಿತು. ಗುಳಿಗೆಯಿಂದ ನಡುಕ ಸ್ವಲ್ಪ ಹದಕ್ಕೆ ಬಂದಿದೆ, ಆದರೆ ಹೀಗೆ ನಿಲ್ಲುವುದು ಹೆಚ್ಚಾಗಿದೆ. ಬಯಲಲ್ಲಿ ಹೇಗೋ ನಡೆಯುತ್ತಾರೆ. ಬಾಗಿಲು ಬಂತೋ, ಕಾಲು ನೆಲ ಹಿಡಿಯಿತು. ನೀರಾವರಿ ಕಚೇರಿಯ ನೌಕರಿ ಬಿಟ್ಟದ್ದೂ ಇದಕ್ಕೇ. ಸಾಹೇಬರ ಕೋಣೆಯ ಬಾಗಿಲಲ್ಲಿ ಕಡತ ಹಿಡಿದು ನಿಂತವರನ್ನು ಕಂಡು ಹುಡುಗರು ನಗುತ್ತಿದ್ದರಂತೆ.

ಸಂಜೆ ಬಬಲೇಶ್ವರದಿಂದ ಇವರ ಅಕ್ಕ ಪರಸವ್ವನ ಮಗ ಶಿವಾಜಿ ಫೋನು ಮಾಡಿದ. "ಮಾಮಾ, ಈ ಸಲ ಏಪ್ರಿಲ್ ಹದಿನಾಲ್ಕಕ್ಕ ನೀವು ನಡಿಯೋದು ಬ್ಯಾಡ್ರಿ. ಟ್ರ್ಯಾಕ್ಟರ್‌ನಾಗ ಖುರ್ಚಿ ಹಾಕ್ತೀವಿ, ನಿಶಾನಿ ಹಿಡ್ಕೊಂಡು ಆರಾಮ ಕುಂದರ್ರಿ."

ಹುಡುಗ ಪ್ರೀತಿಯಿಂದಲೇ ಹೇಳಿದ. ಇವರು "ಹೂಂ, ನೋಡೂಣು" ಎಂದು ಫೋನು ನನ್ನ ಕೈಗಿಟ್ಟು ಗೋಡೆಯ ಕಡೆ ಮುಖ ತಿರುಗಿಸಿದರು.

ಮಾವ ಭಾಗಪ್ಪ ಊರಿನವರಿಗೆ ಹಲಗಿ ಬಾರಿಸುವುದನ್ನು ಬಿಟ್ಟ ವರ್ಷ, ಅದೇ ಕೈಯಲ್ಲಿ ನೀಲಿ ಬಾವುಟದ ನಿಶಾನಿ ಹಿಡಿದು ಬಾಬಾಸಾಹೇಬರ ಜಯಂತಿಯ ಬೆಳಗ್ಗೆ, ಈಗ ಪರಸವ್ವ ಇರುವ ತಮ್ಮ ಮನೆಯಿಂದ ಸಮಾಜ ಭವನದವರೆಗೆ ನಡೆದರಂತೆ. "ಇನ್ನ ಮ್ಯಾಲ ಈ ಮನಿಯವ್ರು ಬಾರಿಸ್ಕೊಂತ ನಡಿಯಂಗಿಲ್ಲ, ಇದನ್ನ ಹಿಡ್ಕೊಂಡು ನಡೀತಾರ" ಎಂದರಂತೆ. ಅವರ ನಂತರ ಇವರು ನಡೆಯುತ್ತಾ ಬಂದಿದ್ದಾರೆ. ಒಂದು ವರ್ಷವೂ ತಪ್ಪಿಲ್ಲ. ಜ್ವರ ಬಂದಾಗಲೂ ನಡೆದಿದ್ದರು.

ಇವರು ಖುರ್ಚಿಯಲ್ಲಿ ಕುಳಿತು ಆ ಓಣಿಯಲ್ಲಿ ಹೋಗುವುದನ್ನು ನಾನು ನೋಡಲಾರೆ. ಯಾರಿಗೆ ಹೇಳಲಿ? ಅದಕ್ಕೇ ಇದರಲ್ಲಿ ಬರೆಯುತ್ತಿದ್ದೇನೆ.

ಫೆಬ್ರವರಿ 12, ಬುಧವಾರ

ವ್ಯಾಯಾಮ ಕಲಿಸಲು ವಾರಕ್ಕೊಮ್ಮೆ ಮಿನಾಜ ಬರುತ್ತಾಳೆ. ಚಿಕ್ಕ ವಯಸ್ಸು, ಮಾತು ಮೆತ್ತಗೆ, ಕೈ ಗಟ್ಟಿ. ಜಯಂತಿಯ ವಿಷಯ ಹೇಳಿದೆ.

"ಕೆಲವ್ರಿಗೆ ತಾಳ ಕೇಳಿಸಿದ್ರ ಕಾಲು ಏಳತಾವ್ರಿ ಆಂಟಿ. ಎಲ್ಲಾರಿಗೂ ಅಲ್ಲ. ಕಾಕಾಗ ಒಮ್ಮೆ ನೋಡೂಣ್ರಿ" ಎಂದು ಮೊಬೈಲಿನಲ್ಲಿ ಟಿಕ್ ಟಿಕ್ ಎನ್ನುವ ಒಂದನ್ನು ಹಾಕಿದಳು.

ಇವರು ನಾಲ್ಕು ಹೆಜ್ಜೆ ನಡೆದು ಹೊಸ್ತಿಲಲ್ಲಿ ನಿಂತರು. "ಗಡಿಯಾರಕ್ಕ ಹೆದರಿ ನಡದಂಗ ಆಗತೈತಿ ಯವ್ವಾ" ಎಂದರು.

"ಹಂಗಾದ್ರ ಕಾಕಾಗ ಸೇರೋ ಹಾಡ ಹುಡುಕ್ರಿ" ಎಂದು ಹೇಳಿ ಹೋದಳು. ಇವರಿಗೆ ಸೇರುವ ಹಾಡು! ಅದು ನನಗೆ ಗೊತ್ತಿಲ್ಲವೇ? ಇಂಗ್ಲಿಷಿನಲ್ಲಿ ಯಾರೋ ಗಂಟಲು ಹರಿದುಕೊಳ್ಳುವುದು, ಹಿಂದೆ ಗಿಟಾರು ಗರಗರ ಎನ್ನುವುದು. ಈ ಮನೆಯಿಂದ ಅದನ್ನು ಹೊರಗೆ ಹಾಕಿದವಳೇ ನಾನು.

ಫೆಬ್ರವರಿ 16, ರವಿವಾರ

ಸ್ಟೇಷನ್ ರಸ್ತೆಯ ಸೈಫುದ್ದೀನ್ ಅವರ ಮೊಬೈಲ್ ಅಂಗಡಿಗೆ ಹೋಗಿದ್ದೆ. ಹರೆಯದಲ್ಲಿ ಇವರೂ ಅವರೂ ಕೂಡಿ ಮದುವೆಗಳಲ್ಲಿ ಆರ್ಕೆಸ್ಟ್ರಾ ನಡೆಸುತ್ತಿದ್ದರು. ಇವರದು ಗಿಟಾರು, ಅವರದು ಡ್ರಮ್ಮು. ಇವರ ಗಿಟಾರು ಈಗ ಕಪಾಟಿನ ಮೇಲಿದೆ, ಅವರ ಡ್ರಮ್ಮು ಮೊಮ್ಮಕ್ಕಳ ಪಾಲಾಗಿದೆ.

"ಏನ ಹಾಡ ಬೇಕ್ರಿ ಭಾಬಿ?"

"ಯಾವ್ದರೆ ಇರಲಿ. ವೇಗ ಒಂದ ಇರಬೇಕು." ನಾನು ಸಾಲೆಯಲ್ಲಿ ಗಣಿತ ಕಲಿಸುವವಳು. ಮಿನಾಜಳಿಂದ ಇವರ ನಡಿಗೆಯ ವೇಗ ತಿಳಿದುಕೊಂಡಿದ್ದೆ. ಅದೇ ವೇಗದ್ದೆಂದು ಇಂಟರ್‌ನೆಟ್ಟಿನಲ್ಲಿ ಸಿಕ್ಕ ಹಾಡುಗಳನ್ನೆಲ್ಲ ಬರೆದುಕೊಂಡು ಹೋಗಿದ್ದೆ. ಸೈಫುದ್ದೀನ್ ಒಮ್ಮೆ ನನ್ನ ಮುಖ ನೋಡಿದರು, ಎಲ್ಲವನ್ನೂ ಮೊಬೈಲಿಗೆ ತುಂಬಿಸಿಕೊಟ್ಟರು.

ಒಂದಕ್ಕೂ ಕಾಲು ಏಳಲಿಲ್ಲ. ಮದುವೆಯ ಹಾಡು, ಭಕ್ತಿಗೀತೆ, ಸೈನಿಕರ ಬ್ಯಾಂಡು, ಎಲ್ಲದಕ್ಕೂ ಇವರು ಹೊಸ್ತಿಲಲ್ಲಿ ನಿಂತು, ಪರೀಕ್ಷೆಯಲ್ಲಿ ನಪಾಸಾದ ಹುಡುಗನ ಹಾಗೆ ನನ್ನ ಕಡೆ ನೋಡಿದರು. ಕೊನೆಗೆ ನಾನೇ ರೇಗಿದೆ. "ನೀವು ಮನಸ ಮಾಡವಲ್ರಿ!" ಎಂದುಬಿಟ್ಟೆ.

ಫೆಬ್ರವರಿ 17

ಹಾಗೆ ಅನ್ನಬಾರದಿತ್ತು.

ಫೆಬ್ರವರಿ 23, ರವಿವಾರ

ಮಧ್ಯಾಹ್ನ ಬಟ್ಟೆ ಮಡಚುತ್ತಿದ್ದೆ. ಒಳಗಿನ ಕೋಣೆಯಲ್ಲಿ ಇವರ ಹಳೆಯ ಹಾಡು ಶುರುವಾಯಿತು. ನಾನು ಮನೆಯಲ್ಲಿಲ್ಲವೆಂದು ತಿಳಿದಿದ್ದರೇನೋ. ಬಯ್ಯಬೇಕೆಂದು ಬಾಯಿ ತೆರೆದೆ, ಅಷ್ಟರಲ್ಲಿ ಇವರು ಕೋಣೆಯ ಬಾಗಿಲು ದಾಟಿ, ನಡುಮನೆ ದಾಟಿ, ಅಡುಗೆಮನೆಯ ಹೊಸ್ತಿಲನ್ನೂ ದಾಟಿ ಹೋಗಿ ಗಡಿಗೆಗೆ ತಂಬಿಗೆ ಹಾಕಿದರು. ಹೊಸ್ತಿಲೊಂದು ಅಲ್ಲಿದೆ ಎನ್ನುವುದೇ ಅವರ ಗಮನದಲ್ಲಿರಲಿಲ್ಲ. ನನ್ನ ಕೈಯಲ್ಲಿದ್ದ ಅಂಗಿ ಕೆಳಗೆ ಬಿತ್ತು. ನೀರು ಕುಡಿದು ತಿರುಗಿದವರು ನನ್ನನ್ನು ಕಂಡು ಗಾಬರಿಯಾಗಿ, "ಬಂದ್ ಮಾಡ್ತೀನಿ, ಬಂದ್ ಮಾಡ್ತೀನಿ" ಎಂದರು.

"ಮಾಡಬ್ಯಾಡ್ರಿ! ಮತ್ತೊಮ್ಮೆ ದಾಟ್ರಿ!"

ಮತ್ತೊಮ್ಮೆ ದಾಟಿದರು. ಮೂರನೆಯ ಸಲ ದಾಟುವಾಗ ನಾನು ಅತ್ತೆ. ಇವರು ನಕ್ಕರು.

ವೇಗ ನೋಡಿದರೆ ನಾನು ತಂದ ಹಾಡುಗಳದ್ದೇ. ಮತ್ತೇಕೆ ಇದೊಂದೇ? ಕೇಳಿದ್ದಕ್ಕೆ ಹತ್ತಿರ ಕೂರಿಸಿಕೊಂಡು ಹೇಳಿದರು. "ಇದಕ್ಕ ಬೂಗಿ ಅಂತಾರ. ಅಮೆರಿಕಾದಾಗ ಕರಿ ಮಂದಿ ಹುಟ್ಟಿಸಿದ್ದು. ಅವ್ರ ಮುತ್ಯಾಗೋಳು ಹತ್ತಿ ಹೊಲದಾಗ ಗುಲಾಮರಾಗಿ ದುಡದವ್ರು. ಅವ್ರ ದುಃಖದ ಹಾಡು ಬ್ಲೂಸು, ಅದಕ್ಕ ಕಾಲ ಬಂದ್ರ ಬೂಗಿ. ಆಮ್ಯಾಲ ರಾಕಿನ ಹುಡುಗ್ರು ಅದನ್ನ ದೊಡ್ಡ ದನಿ ಮಾಡಿದ್ರು. ಧಾರವಾಡದ ಹಾಸ್ಟೆಲ್‌ನಾಗ ಒಬ್ಬಾಂವ ಕ್ಯಾಸೆಟ್ ತಂದಿದ್ದ. ಒಮ್ಮೆ ಕೇಳಿದೆ ನೋಡು, ಇದು ನನಗ ಮೊದಲಿಂದ ಗೊತ್ತಿದ್ದಂಗ ಆತು."

"ನನಗ ಎಲ್ಲಾ ಒಂದ ನಮೂನಿ ಕೇಳತಾವ್ರಿ."

"ಕೈ ಕೊಡು ಟೀಚರ್ರ."

ನನ್ನ ಅಂಗೈ ಮೇಲೆ ಬೆರಳಿಂದ ತಟ್ಟಿದರು. "ಒಂದ ಉದ್ದ, ಒಂದ ಗಿಡ್ಡ. ಧೂಂ...ತ, ಧೂಂ...ತ. ನಿನ್ನ ಹಾಡೆಲ್ಲಾ ಎರಡೂ ಕಾಲು ಸಮ ಇದ್ದವ್ರ ಹಾಡು. ಇದು ಸ್ವಲ್ಪ ಕುಂಟತೈತಿ. ಕುಂಟಿದ್ದಕ್ಕ ಮುಂದಿನ ಹೆಜ್ಜಿ ಇಡಾಕ ಬೇಕು, ಇಲ್ಲಂದ್ರ ಬೀಳತೈತಿ."

ಮೂವತ್ತು ವರ್ಷದ ಸಂಸಾರದಲ್ಲಿ ಹಗಲು ಹೊತ್ತಿನಲ್ಲಿ ಇವರು ಇಷ್ಟು ಹೊತ್ತು ನನ್ನ ಕೈ ಹಿಡಿದದ್ದು ನೆನಪಿಲ್ಲ. ಹಾಲಿನವನು ಬಂದು ಕೂಗಿದ. ಎದ್ದು ಹೋದೆ.

ಮಾರ್ಚ್ 2, ರವಿವಾರ

ಒಂದೇ ಹಾಡಿನಿಂದ ಆಗುವುದಿಲ್ಲ. ಅದು ಮುಗಿಯುವಷ್ಟರಲ್ಲಿ ಬಬಲೇಶ್ವರದ ಓಣಿ ಅರ್ಧವೂ ಮುಗಿಯುವುದಿಲ್ಲ. ಅದಕ್ಕೇ ಇಂಥವೇ ಹಾಡುಗಳನ್ನು ಹುಡುಕುತ್ತಿದ್ದೇನೆ. ಬೂಗಿ ಎಂದು ಬರೆದರೆ ಸಾವಿರ ಬರುತ್ತವೆ. ಕೆಲವು ಹೆಸರಿಗೆ ಮಾತ್ರ ಬೂಗಿ, ಕೆಲವು ಕುದುರೆಯ ಓಟ.

ಇನ್ನೊಂದು ತೊಂದರೆ. ನಡುವೆ ಗಿಟಾರಿನವನಿಗೆ ಹುರುಪು ಬಂದು ಒಬ್ಬನೇ ಏನೇನೋ ಬಾರಿಸತೊಡಗುತ್ತಾನೆ, ಡ್ರಮ್ಮಿನವನು ಕೈ ಬಿಡುತ್ತಾನೆ. ಆಗ ಇವರು ನಡುಮನೆಯ ಮಧ್ಯೆ ಒಂದು ಕಾಲು ಎತ್ತಿ ನಿಲ್ಲುತ್ತಾರೆ. ಸಾಲೆಯಲ್ಲಿ ಸಂಗೀತ ಖುರ್ಚಿ ಆಡಿಸಿದ ಹಾಗೆ. ಇವತ್ತು ಇಬ್ಬರೂ ನಕ್ಕು ನಕ್ಕು ಸಾಕಾಯಿತು.

"ಈ ಹಾಡಿನೊಳಗ ಎಲ್ಲಾರ ಹೆಂಡ್ರೂ ಯಾಕ ಬಿಟ್ಟು ಹೋಗತಾರ್ರಿ?" ಎಂದು ಕೇಳಿದೆ. ನಾನು ಅರ್ಥ ಮಾಡಿಕೊಂಡ ನಾಲ್ಕರಲ್ಲಿ ಮೂರು ಹಾಗೇ ಇದ್ದವು.

"ಅವ್ರಿಗೆ ನಿನ್ನಂಥಾಕಿ ಸಿಕ್ಕಿರಾಕಿಲ್ಲ" ಎಂದರು.

ಹುಣಸೆಹಣ್ಣು ನೆನೆಸುವುದು ಮರೆತೇ ಹೋಯಿತು.

ಮಾರ್ಚ್ 14, ಶುಕ್ರವಾರ

ತಿಕೋಟಾದ ಸಾಲೆಗೆ ಹೋಗುವ ಬಸ್ಸಿನಲ್ಲಿ ಕಿವಿಗೆ ಹಾಡು ಹಾಕಿಕೊಂಡು ಕೂರುತ್ತೇನೆ. ಹೋಗುವಾಗ ಆರು, ಬರುವಾಗ ಆರು. ಮೇಕೆ ಕೆಮ್ಮಿದ ಹಾಗೆ ಹಾಡುವವನೊಬ್ಬ ಸಿಕ್ಕಿದ್ದಾನೆ. ದನಿ ದೇವರಿಗೇ ಪ್ರೀತಿ, ಆದರೆ ಹಿಂದಿನ ತಾಳ ಮೊದಲಿನಿಂದ ಕೊನೆಯವರೆಗೆ ಒಂದೇ. ಧೂಂ...ತ. ಅವನನ್ನು ಇಟ್ಟುಕೊಂಡೆ.

ಜೊತೆಗೆ ಬರುವ ಶ್ರೀಮಂತ ಸರ್ ಇಣುಕಿ ನೋಡಿ, "ಏನ್ರಿ ಮೇಡಂ, ಪ್ರವಚನ ಏನ್ರಿ?" ಎಂದರು. "ಹೂಂರಿ" ಎಂದೆ.

ಹತ್ತನೆಯವರಿಗೆ ವೃತ್ತದ ಲೆಕ್ಕ ಬಿಡಿಸಿ ತೋರಿಸುತ್ತಿದ್ದಾಗ ಹಿಂದಿನ ಬೆಂಚಿನಲ್ಲಿ ನಗು. ಏನೆಂದು ಗದರಿಸಿದೆ. ಮುಂದೆ ಕೂತಿದ್ದ ಅಮೋಘಿ ಎದ್ದು, "ಅಕ್ಕೋರ, ನೀವು ಡಸ್ಟರ್‌ಲೆ ಬೋರ್ಡ್ ಬಾರಸಾಕತ್ತೀರಿ" ಎಂದ. ಸುಳ್ಳು ಹೇಳುವ ಹುಡುಗನಲ್ಲ. ಪರೀಕ್ಷೆ ಹತ್ತಿರ ಬಂದಿದೆ, ಮಕ್ಕಳಿಗೆ ಲಕ್ಷ್ಯವೇ ಇಲ್ಲ.

ಮಾರ್ಚ್ 30, ಯುಗಾದಿ

ಹಾಡುಗಳು ಕೂಡಿದವು. ಎಲ್ಲದರದೂ ಅದೇ ಕುಂಟು. ಆದರೆ ಒಂದು ಮುಗಿದು ಇನ್ನೊಂದು ಶುರುವಾಗುವ ಸಂದಿಯಲ್ಲಿ ಇವರು ನಿಲ್ಲುತ್ತಿದ್ದರು. ಸೈಫುದ್ದೀನ್ ಹಬ್ಬದ ಮುನ್ನಾದಿನದ ಗದ್ದಲದಲ್ಲೂ ಬಿಡುವು ಮಾಡಿಕೊಂಡು, ಗಿಟಾರಿನವನ ಹುಚ್ಚಾಟಗಳನ್ನು ಕತ್ತರಿಸಿ, ಒಂದರ ಬಾಲಕ್ಕೆ ಇನ್ನೊಂದರ ತಲೆ ಅಂಟಿಸಿಕೊಟ್ಟರು. "ನಾಳಿಗೆ ಈದ್ ಆಗೋ ಹಂಗೈತ್ರಿ ಭಾಬಿ, ಅದಕ್ಕ ಇವತ್ತ ಮುಗಿಸೀನಿ. ಅಂವಾ ನಡದ್ರ ನನಗೊಂದ ಫೋನ್ ಮಾಡ್ರಿ" ಎಂದರು. ದುಡ್ಡಿನ ಮಾತೆತ್ತಿದರೆ ಸಿಟ್ಟಿಗೆದ್ದರು.

ಸಂಜೆ ಅಥಣಿ ರಸ್ತೆಯ ನಮ್ಮ ಬಡಾವಣೆಯಲ್ಲಿ ನಡೆದೆವು. ಖಾಲಿ ಸೈಟುಗಳನ್ನು ಸುತ್ತಿ ನೀರಿನ ಟಾಕಿಯವರೆಗೆ. ಕಿವಿಗೆ ಹಾಕುವುದರಲ್ಲಿ ಒಂದು ಅವರಿಗೆ, ಒಂದು ನನಗೆ. ತಂತಿ ಗಿಡ್ಡ, ಆದ್ದರಿಂದ ಕೈ ಹಿಡಿದೇ ನಡೆಯಬೇಕಾಯಿತು. ಎದುರುಮನೆಯ ವಿಜಯಲಕ್ಷ್ಮೀ ಗೇಟಿಗೆ ಬಂದು ನೋಡುತ್ತಿದ್ದಳು. ಬೇವು ಬೆಲ್ಲ ಕೊಟ್ಟು ಬಂದೆವು.

ಏಪ್ರಿಲ್ 6, ರವಿವಾರ

ಬಬಲೇಶ್ವರಕ್ಕೆ ಹೋಗಿದ್ದೆವು, ಓಣಿ ನೋಡಿಕೊಂಡು ಬರಲು. ದಾರಿಯಲ್ಲಿ ಗಟಾರಿನ ಮೇಲೆ ಹೊಸದಾಗಿ ಹಾಸಿದ ಕಲ್ಲುಗಳಿವೆ. ನೋಡಿದರೆ ಹೊಸ್ತಿಲಿನ ಹಾಗೇ ಇವೆ.

ಪರಸವ್ವ ಜೋಳ ಹಸನು ಮಾಡುತ್ತ ಕೂತಿದ್ದಳು. ಅವಳ ಮುಂದೆ ನಡೆದು ತೋರಿಸಬೇಕೆಂದು ಇವರು ಮೊಬೈಲನ್ನು ಜೋರಾಗಿ ಹಾಕಿದರು. ಮೇಕೆಯವನ ಹಾಡು. ಪರಸವ್ವನ ಕೈಯಲ್ಲಿದ್ದ ಮೊರ ನಿಂತಿತು.

"ಇಂವಾ ಏನ ಒದರಾಕತ್ತಾನೋ ನನಗ ತಿಳಿವಲ್ದು. ಆದ್ರ ಈ ತಾಳದ ಬಡತ ಅಪ್ಪಂದಿದ್ದಂಗ ಐತಿ."

"ಅಪ್ಪಂದು ಯಾವ ಬಡತ ಅಕ್ಕಾ?"

"ಊರವ್ರಿಗೆ ಬಾರಸಿದ್ದಲ್ಲೋ ತಮ್ಮಾ. ಬಾರಸೋದು ಮುಗಿಸಿ ಮನಿಗಿ ಬರೋವಾಗ ಒಬ್ಬನ ತನಗಂತ ಬಾರಸ್ತಿದ್ದ, ಹಗೂರಕ. ಅದು ಕೇಳಿಸಿತಂದ್ರ ಅವ್ವ ಒಲಿ ಹಚ್ಚತಿದ್ಲು. ನೀ ಸಣ್ಣಾಂವ, ನನ್ನ ಟೊಂಕದ ಮ್ಯಾಲ ಕುಂತು ಕುಣೀತಿದ್ದಿ. ಹಲಗಿ ಬಿಟ್ಟ ಮ್ಯಾಲ ಅದನ್ನೂ ಬಿಟ್ಟ."

ಇವರು ಹಾಡನ್ನು ಮತ್ತೆ ಮೊದಲಿನಿಂದ ಹಾಕಿದರು. ಕಣ್ಣು ತುಂಬಿದ್ದವು. ನನಗೆ ಇದು ಅಷ್ಟು ಸರಿ ಕಾಣಲಿಲ್ಲ. ಬಿಟ್ಟದ್ದನ್ನು ಬಿಟ್ಟ ಹಾಗೇ ಇರಿಸುವುದು ಒಳ್ಳೆಯದು. ಒಂದಕ್ಕೊಂದು ಹೋಲುತ್ತದೆ ಎಂದು ಗಣಿತದವಳು ಸಮ ಚಿಹ್ನೆ ಹಾಕಲಾಗುತ್ತದೆಯೇ? ಬಸ್ಸಿನಲ್ಲಿ ಬರುವಾಗ ಇವರು ನನ್ನ ಮೊಣಕಾಲ ಮೇಲೆ ಬೆರಳಿಂದ ಹಗೂರಕ್ಕೆ ತಟ್ಟುತ್ತಿದ್ದರು. ಇರಲಿ ಬಿಡು ಎಂದುಕೊಂಡೆ.

ಏಪ್ರಿಲ್ 13

ಬಿಳಿ ಸೀರೆ, ಬಿಳಿ ಅಂಗಿ ಇಸ್ತ್ರಿಯಾದವು. ಮೊಬೈಲು ಚಾರ್ಜ್ ಆಗಿದೆ. ಮೂರು ಸಲ ನೋಡಿದೆ. ಬಾಬಾಸಾಹೇಬರೇ, ನಾಳೆ ಇವರನ್ನು ನಡೆಸಿ. ನೀವು ಇಂಥ ಬೇಡಿಕೆಗಳನ್ನು ಒಪ್ಪುವವರಲ್ಲವೆಂದು ಗೊತ್ತು, ಆದರೂ.

ಏಪ್ರಿಲ್ 14, ಸೋಮವಾರ

ಮನೆಗೆ ಬಂದು ಕೈಕಾಲು ತೊಳೆದು ಬರೆಯಲು ಕೂತಿದ್ದೇನೆ. ಅಂಗೈ ಇನ್ನೂ ಕೆಂಪಗಿದೆ.

ಬೆಳಗ್ಗೆ ಪರಸವ್ವನ ಮನೆಯ ಮುಂದೆ ಎಲ್ಲರೂ ಸೇರಿದರು. ಡಿಜೆ, ಗದ್ದಲ ಎಲ್ಲ ಸಂಜೆಯ ಮೆರವಣಿಗೆಗೆ. ಬೆಳಗಿನದು ಶಾಂತವಾದ ನಡಿಗೆ. ಮುಂದೆ ನಿಶಾನಿ, ಹಿಂದೆ ಬಿಳಿ ಸೀರೆಯ ಹೆಂಗಸರು, ಕೈಯಲ್ಲಿ ಹೂವು ಮೇಣದಬತ್ತಿಯ ತಾಟು. ನಾನು ಇವರ ಹಿಂದೆಯೇ ಪರಸವ್ವನ ಜೊತೆ ನಿಂತಿದ್ದೆ. ಶಿವಾಜಿ ಟ್ರ್ಯಾಕ್ಟರನ್ನು ಓಣಿಯ ತುದಿಯಲ್ಲಿ ನಿಲ್ಲಿಸಿದ್ದ. "ಸುಮ್ನ ಇರಲಿ ಅತ್ತಿ" ಎಂದ. ಖುರ್ಚಿಗೆ ನೀಲಿ ಬಟ್ಟೆಯನ್ನೂ ಹಾಸಿದ್ದ.

ಇವರು ಎರಡೂ ಕಿವಿಗೆ ಹಾಡು ಹಾಕಿಕೊಂಡು ನಿಶಾನಿ ಎತ್ತಿದರು. ನಡೆದರು! ಬೆನ್ನು ನೇರ, ಹೆಜ್ಜೆ ದೊಡ್ಡದು. ಕೈ ನಡುಗುತ್ತಿತ್ತು, ನಿಶಾನಿಯೂ ನಡುಗುತ್ತಿತ್ತು, ನೋಡಿದವರು ಗಾಳಿ ಎಂದುಕೊಂಡಿರಬೇಕು. ಕಿರಾಣಿ ಅಂಗಡಿ ದಾಟಿತು, ನಲ್ಲಿಯ ಕಟ್ಟೆ ದಾಟಿತು. ನನಗೆ ಹಾಡು ಕೇಳಿಸುತ್ತಿರಲಿಲ್ಲ, ಆದರೆ ಇವರ ಹಿಮ್ಮಡಿ ನೋಡಿಯೇ ಯಾವ ಹಾಡು ನಡೆದಿದೆ ಎಂದು ಗೊತ್ತಾಗುತ್ತಿತ್ತು.

ಗಟಾರಿನ ಕಲ್ಲಿನ ಹತ್ತಿರ ನಿಂತರು.

ಇವರ ಜೇಬಿನಲ್ಲಿ ಮೊಬೈಲು ಹೊಳೆಯುತ್ತಿತ್ತು. ಫೋನು ಬಂದಿತ್ತು. ಎಲ್ಲ ನೋಡಿದ್ದೆ, ಫೋನು ಬಾರದ ಹಾಗೆ ಮಾಡುವುದೊಂದನ್ನು ಮರೆತಿದ್ದೆ. ತೆಗೆದು ನೋಡಿದರೆ ಸೈಫುದ್ದೀನ್! ತಡೆಯಲಾಗದೆ, ನಡೆದನೋ ಇಲ್ಲವೋ ಎಂದು ಕೇಳಲು ಮಾಡಿದ್ದರು. ಕತ್ತರಿಸಿದೆ. ಹಾಡು ತಿರುಗಿ ಬರಲಿಲ್ಲ. ನನ್ನ ಬೆರಳು ಹೂವಿನ ನೀರಿನಿಂದ ಒದ್ದೆಯಾಗಿತ್ತೋ ಏನೋ, ಎಷ್ಟು ಒತ್ತಿದರೂ ಆ ಹಾಳು ಮೊಬೈಲು ತೆರೆಯಲೊಲ್ಲದು.

ಹಿಂದಿನವರೆಲ್ಲ ನಿಂತರು. ಯಾರೋ "ಪಾಪ" ಎಂದರು. ಶಿವಾಜಿ ಓಡಿ ಬಂದು, "ಸಾಕ್ರಿ ಮಾಮಾ, ಇಷ್ಟ ದೂರ ಬಂದ್ರಲ್ಲ, ಟ್ರ್ಯಾಕ್ಟರ್ ಇಲ್ಲಿಗೇ ತರ್ತೀನಿ" ಎಂದು ನಿಶಾನಿಯ ಕೋಲಿಗೆ ಕೈ ಹಾಕಿದ. ಇವರು ಬಿಡಲಿಲ್ಲ. ನನ್ನ ಕಡೆ ನೋಡಿದರು. ಹೊಸ್ತಿಲಲ್ಲಿ ನೋಡುತ್ತಿದ್ದರಲ್ಲ, ಹಾಗೆ.

ನನ್ನ ತಾಟಿನ ಹೂವು, ಮೇಣದಬತ್ತಿಯನ್ನೆಲ್ಲ ಪರಸವ್ವನ ಸೆರಗಿಗೆ ಸುರಿದೆ. ತಾಟು ಬೋರಲು ಮಾಡಿ ಎದೆಗೆ ಆನಿಸಿಕೊಂಡು ಬಡಿದೆ. ಮೊದಲು ಅವಸರವಾಯಿತು, ಎರಡೂ ಸಮ ಬಿದ್ದವು. ಇವರು ಕಣ್ಣಿನಲ್ಲೇ ಅಲ್ಲ ಎಂದರು. ಉಸಿರು ತೆಗೆದುಕೊಂಡೆ. ಒಂದು ಉದ್ದ, ಒಂದು ಗಿಡ್ಡ. ಒಂದು ಉದ್ದ, ಒಂದು ಗಿಡ್ಡ.

ಇವರ ಬಲಗಾಲು ಎದ್ದಿತು. ಕಲ್ಲು ದಾಟಿತು.

ನಾನು ಇವರ ಪಕ್ಕಕ್ಕೆ ಬಂದೆ. ಓಣಿ ಪೂರ್ತಿ ಬಡಿಯುತ್ತಲೇ ನಡೆದೆ. ಯಾರೋ ಮೊಬೈಲು ಎತ್ತಿ ಹಿಡಿದರು. ಹಿಡಿಯಲಿ. ಅವ್ವ ಇದ್ದಿದ್ದರೆ ಏನೆನ್ನುತ್ತಿದ್ದಳೆಂದು ಒಮ್ಮೆ ಅನ್ನಿಸಿತು, ಆದರೆ ತಾಳ ತಪ್ಪುತ್ತದೆಂದು ಆ ಯೋಚನೆ ಬಿಟ್ಟೆ. ಭವನದ ಮೆಟ್ಟಿಲ ಹತ್ತಿರ ಶಿವಾಜಿ ದಾರಿ ಬಿಟ್ಟು ನಿಂತು ಕಣ್ಣು ಒರೆಸಿಕೊಳ್ಳುತ್ತಿದ್ದ. ಇವರು ನಿಶಾನಿಯನ್ನು ತಮ್ಮ ಕೈಯಿಂದಲೇ ಕಂಬಕ್ಕೆ ನಿಲ್ಲಿಸಿದರು.

ವಂದನೆ ಮುಗಿದ ಮೇಲೆ ಪರಸವ್ವನ ಪಕ್ಕ ಕೂತೆ. ಅಪರಾಧಿಯ ಹಾಗೆ ಕೇಳಿದೆ. "ಮಾವಾರು ಇದ್ದಿದ್ರ ಏನ ಅಂತಿದ್ರು ಯವ್ವಾ? ಅವ್ರು ಬಿಟ್ಟದ್ದನ್ನ ನಾ ಬಡದೆ."

"ಬೈತಿದ್ದ" ಎಂದಳು ಪರಸವ್ವ. ಸೆರಗಿನಲ್ಲಿ ಉಳಿದಿದ್ದ ಹೂವು ಒಂದೊಂದೇ ತೆಗೆದು ತಾಟಿಗೆ ಹಾಕುತ್ತಿದ್ದಳು. "ಬೈದು, ಆಮ್ಯಾಲ ಕೈ ಹಿಂಗ ಹಿಡಿಬೇಕ ಅಂತ ತಿದ್ದತಿದ್ದ. ಯವ್ವಾ, ಆಂವಾ ಬಿಟ್ಟಿದ್ದು ಊರವ್ರು ಕರದಾಗ ಹೋಗೋದನ್ನ. ನೀ ಇವತ್ತ ಯಾರು ಕರದ್ರಂತ ಬಾರಸಿದಿ?"

ಸೈಫುದ್ದೀನ್ ಅವರಿಗೆ ಫೋನು ಮಾಡಿ, "ನಡದ್ರು" ಎಂದು ಮಾತ್ರ ಹೇಳಿದೆ. ನಡುವೆ ಆದದ್ದನ್ನು ಹೇಳಲಿಲ್ಲ. ಒಳ್ಳೆಯ ಮನುಷ್ಯ, ನೊಂದುಕೊಳ್ಳುತ್ತಾರೆ.

ಏಪ್ರಿಲ್ 20, ರವಿವಾರ

ಸಾಲೆಗೆ ರಜೆ. ಬಿಸಿಲು ಬಹಳ. ಮಿನಾಜ ಬಂದಿದ್ದಳು, ನಡಿಗೆ ಸುಧಾರಿಸಿದೆ ಎಂದಳು. ರೋಗ ಹೋಗುವಂಥದ್ದಲ್ಲ, ಮುಂದೆ ಇನ್ನೂ ಕಷ್ಟವಿದೆ ಎಂದೂ ನನ್ನನ್ನು ಹೊರಗೆ ಕರೆದು ಹೇಳಿದಳು. ಗೊತ್ತಿದೆ. ಇನ್ನೆರಡು ಹಾಡು ಸಿಕ್ಕಿವೆ, ಇವರಿಗೆ ಒಂದು ಸೇರಿತು, ಇನ್ನೊಂದು ನನಗೆ.

ಜಯಂತಿಯ ತಾಟಿನ ತಳ ನೆಗ್ಗಿದೆ. ಸಾರು ಒಂದು ಕಡೆಗೇ ಹರಿಯುತ್ತದೆ. ಬದಲಾಯಿಸಬೇಕು.

ಮಧ್ಯಾಹ್ನ ಊಟಕ್ಕೆ ಕುಳಿತಾಗ ಇವರು ತುತ್ತು ಬಿಟ್ಟು ನನ್ನನ್ನೇ ನೋಡುತ್ತಿದ್ದರು. ಏನು ಎಂದೆ.

"ತಾಟ ಬಡೀಬ್ಯಾಡ ಟೀಚರ್ರ" ಎಂದರು. "ಊಟ ಮಾಡು."